ಬಡಗಿ ಅಜ್ಜನ ಗೇಟಿನ ಗೀರು

ಬಡಾವಣೆಯ ಮುಖ್ಯ ಗೇಟಿನ ಪಕ್ಕದಲ್ಲಿ ಒಂದು ನೀಲಿ ಬೋರ್ಡಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಸಾಲಾಗಿ ಬರೆದಿದೆ: ಪ್ಲಂಬರ್, ಎಲೆಕ್ಟ್ರಿಷಿಯನ್, ಪೇಂಟರ್, ಬಡಗಿ, ಗ್ಯಾಸ್ ಒಲೆ ರಿಪೇರಿ. ಒಂದೊಂದರ ಮುಂದೆಯೂ ಒಂದು ಫೋನ್ ನಂಬರು. ಬಡಾವಣೆಯ ಸಮಿತಿಯವರು ನೋಡಿ, ಒಪ್ಪಿ, ಬರೆಸಿದ ಕೆಲಸಗಾರರ ಪಟ್ಟಿ ಅದು. ಹದಿನೈದು ವರ್ಷಗಳಿಂದ ಫೋರ್ಸಕ್ಕ ನೀರು ಹೊಡೆದು ತೊಳೆಯುವ ತನ್ನ ಯಂತ್ರವನ್ನು ತಳ್ಳಿಕೊಂಡು ಆ ಬೋರ್ಡಿನ ಮುಂದೆ ಹಾದುಹೋಗುತ್ತಿದ್ದಳು. ಹೋಗುವಾಗೊಮ್ಮೆ ತಲೆಯೆತ್ತಿ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಿದ್ದಳು. ರಾತ್ರೋರಾತ್ರಿ ಯಾರಾದರೂ ಬಂದು ಒಂದು ಸಾಲು ಸೇರಿಸಿ ಹೋಗಿರಬಹುದೇನೋ ಎಂಬಂತೆ.

ಯಾರೂ ಸೇರಿಸಿರಲಿಲ್ಲ. ಅವಳ ನಂಬರಿದ್ದದ್ದು ಸಮಿತಿಯ ಕಚೇರಿಯಲ್ಲಿ, ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ, 'ಮನೆಗೆಲಸದವರು' ಎಂಬ ತಲೆಬರಹದ ಕೆಳಗೆ. ಮನೆಗೆಲಸದ ಬಗ್ಗೆ ಅವಳಿಗೆ ಕೀಳು ಭಾವನೆ ಎಳ್ಳಷ್ಟೂ ಇರಲಿಲ್ಲ. ಅವಳ ತಾಯಿ ನಾಲ್ಕು ಮನೆಗಳ ಪಾತ್ರೆ ತಿಕ್ಕಿಯೇ ಅವಳನ್ನು ಸಾಕಿದ್ದಳು. ಆದರೆ ತಾಯಿಯ ಕೆಲಸ ತಾಯಿಯದು, ತನ್ನದು ತನ್ನದು. ನಲ್ಲಿ ತಿರುವುವವನಿಗೆ ಬೋರ್ಡಿನ ಮೇಲೆ ಜಾಗವಿದೆ, ಅಂಗಳ ಗೋಡೆ ಮೆಟ್ಟಿಲುಗಳನ್ನು ಹೊಸದರಂತೆ ಮಾಡಿಕೊಡುವವಳಿಗೆ ಯಾಕಿಲ್ಲ ಎಂದು ಅವಳು ಗಂಡನ ಹತ್ತಿರ ಎಷ್ಟೋ ಸಲ ಕೇಳಿದ್ದಳು. ಗಂಡ ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಉತ್ತರ ಕೊಡುವವನು. "ನನ್ನದೂ ಇಲ್ವಲ್ಲೇ ಆ ಬೋರ್ಡಲ್ಲಿ. ನಾನೇನು ಮುಖ ಊದಿಸ್ಕೊಂಡು ಕೂತಿದೀನಾ?" ಎನ್ನುತ್ತಿದ್ದ. "ನಿಮ್ಮ ಅಂಗಡಿಗೇ ಒಂದು ಬೋರ್ಡಿದೆ ರೀ. ನನ್ನ ಅಂಗಡಿ ಬೀದಿ" ಎನ್ನುತ್ತಿದ್ದಳು ಅವಳು. ಅಲ್ಲಿಗೆ ಆ ಮಾತು ನಿಲ್ಲುತ್ತಿತ್ತು.

ನೀರು ಹಿಡಿಯುವುದೇನು ದೊಡ್ಡ ವಿದ್ಯೆಯೇ ಎಂದು ಮೂಗು ಮುರಿಯುವವರು ಇದ್ದಾರೆ. ಅಂಥವರು ಒಮ್ಮೆ ಯಂತ್ರದ ಪೈಪಿನ ತುದಿಯ ಆ ಗನ್ನು ಕೈಗೆ ತೆಗೆದುಕೊಂಡು ಅದರ ಕುದುರೆ, ಅಂದರೆ ಟ್ರಿಗರ್, ಒತ್ತಿ ನೋಡಬೇಕು. ಮೊದಲ ಹೊಡೆತಕ್ಕೇ ಎರಡು ಹೆಜ್ಜೆ ಹಿಂದಕ್ಕೆ ಹೋಗುತ್ತಾರೆ, ಆಮೇಲೆ ಪಕ್ಕದ ಮನೆಯ ಹೂಕುಂಡ ಉರುಳಿಸುತ್ತಾರೆ, ಕೊನೆಗೆ ತಮ್ಮ ಪಾದದ ಮೇಲೇ ನೀರು ಬಿಟ್ಟುಕೊಂಡು ಕುಣಿಯುತ್ತಾರೆ. ಫೋರ್ಸಕ್ಕ ಆ ಗನ್ನನ್ನು ಬೇರೆ ಹೆಂಗಸರು ಪೊರಕೆ ಹಿಡಿದಷ್ಟು ಸಲೀಸಾಗಿ ಹಿಡಿಯುತ್ತಿದ್ದಳು. ಅದು ಸುಮ್ಮನೆ ಬಂದದ್ದಲ್ಲ. ಹೆದ್ದಾರಿಯ ಪಕ್ಕದ ವಾಟರ್ ಸರ್ವಿಸ್ ಅಂಗಡಿಯಲ್ಲಿ ಹನ್ನೊಂದು ವರ್ಷ ಲಾರಿಗಳ ಹೊಟ್ಟೆಯ ಕೆಸರು ತೊಳೆದ ಕೈ ಅದು. "ಅಕ್ಕಾ, ಸ್ವಲ್ಪ ಫೋರ್ಸಾಗಿ ಬಿಡಿ" ಎಂದು ಕೂಗಿ ಕೂಗಿ ಡ್ರೈವರುಗಳೇ ಅವಳನ್ನು ಫೋರ್ಸಕ್ಕ ಮಾಡಿಬಿಟ್ಟರು. ಅಂಗಡಿಯ ಮಾಲೀಕನಿಗೆ ವಯಸ್ಸಾಗಿ ಬಾಗಿಲು ಹಾಕುವ ದಿನ ಬಂದಾಗ ಆತ ಹಳೆಯ ಯಂತ್ರವೊಂದನ್ನು ಅವಳ ಕಡೆಗೆ ತಳ್ಳಿ, "ಇದು ನಿನ್ನ ಕೈಗೇ ಪಳಗಿದೆ. ಬೇರೆಯವರ ಮಾತು ಕೇಳಲ್ಲ. ತಗೊಂಡು ಹೋಗಮ್ಮ" ಎಂದಿದ್ದ.

ಎರಡು ಚಕ್ರ, ಒಂದು ಮೋಟಾರು, ಒಂದು ಪಂಪು, ಸುರುಳಿ ಸುತ್ತಿದ ಕಪ್ಪು ಪೈಪು, ಜೊತೆಗೆ ಐದು ನಾಜಲ್ಲುಗಳು. ಗನ್ನಿನ ತುದಿಗೆ ಸಿಕ್ಕಿಸುವ, ಬೆರಳ ಗೆಣ್ಣಿನಷ್ಟೇ ದೊಡ್ಡದಾದ ಆ ನಾಜಲ್ಲುಗಳಲ್ಲೇ ಇರುವುದು ಕೆಲಸದ ಗುಟ್ಟೆಲ್ಲ. ಬಿಳಿಯದು ನೀರನ್ನು ಬೀಸಣಿಗೆಯಂತೆ ಅಗಲವಾಗಿ ಬಿಡುತ್ತದೆ. ಹಸಿರು, ಹಳದಿ ಕ್ರಮವಾಗಿ ಅದಕ್ಕಿಂತ ಬಿಗಿ. ಕಪ್ಪು ಸೋಪಿನ ನೀರಿಗೆ. ಕೆಂಪಿನದು ಮಾತ್ರ ನೀರನ್ನು ಒಂದೇ ಗೆರೆಯಾಗಿ, ದಬ್ಬಳದಂತೆ ಬಿಡುತ್ತದೆ. ಲಾರಿಯ ಅಡಿ ಒಣಗಿದ ಕೆಸರಿಗೆ ಅದೇ ಬೇಕು. ಮನೆಗೆ ಬೇಕಾಗುವುದು ಬಹಳ ಅಪರೂಪ. ಈ ಕೊನೆಯ ಮಾತನ್ನು ಫೋರ್ಸಕ್ಕ ಕಲಿತದ್ದು ತನ್ನ ಸ್ವಂತ ಕೆಲಸದ ಮೊದಲ ದಿನವೇ.

ಆ ದಿನ ಕರೆದವನು ಮೂರನೇ ಬೀದಿಯ ಬಡಗಿ ಅಜ್ಜ. ಆಗಲೇ ಅವನಿಗೆ ಎಪ್ಪತ್ತು ಸಮೀಪಿಸಿತ್ತು. ಮನೆಯ ಮುಂದಿನ ತೇಗದ ಗೇಟು ಅವನು ತನ್ನ ಕೈಯಾರೆ ಮಾಡಿದ್ದು. ಮದುವೆಯಾದ ವರ್ಷ ಮಾಡಿದ್ದಂತೆ. ಪಾಚಿ ಕಟ್ಟಿ ಕಪ್ಪಾಗಿದ್ದ ಗೇಟನ್ನು ತೋರಿಸಿ, "ತೊಳೆದಿಡು ಮಗಳೇ, ಸಂಜೆ ಬರ್ತೀನಿ" ಎಂದು ಹೇಳಿ ಅವನು ಯಾವುದೋ ಮನೆಯ ಕಿಟಕಿ ಕೂರಿಸಲು ಹೋದ. ಫೋರ್ಸಕ್ಕ ಅಭ್ಯಾಸಬಲದಿಂದ ಕೆಂಪು ನಾಜಲ್ಲು ಸಿಕ್ಕಿಸಿದಳು. ಅರ್ಧ ಗೇಟು ತೊಳೆದಾಗಿತ್ತು. ಮೂಲೆಯಲ್ಲೊಂದು ಹಟಮಾರಿ ಕಲೆ ಹೋಗಲಿಲ್ಲವೆಂದು ಗನ್ನನ್ನು ಹತ್ತಿರ ಒಯ್ದಳು, ಒಂದೇ ಒಂದು ಕ್ಷಣ. ಕಲೆ ಹೋಯಿತು. ಅದರ ಜೊತೆಗೆ ಮರವೂ ಹೋಯಿತು. ನಟ್ಟನಡುವಿನ ಹಲಗೆಯ ಮೇಲೆ, ಅಂಗೈ ಉದ್ದದ, ಹಾವು ಹರಿದಂಥ ಗೀರೊಂದು ಎದ್ದು ನಿಂತಿತು.

ಬೀದಿಯಲ್ಲಿ ಯಾರೂ ಇರಲಿಲ್ಲ. ಊಟದ ಡಬ್ಬಿ ಕೊಡಲು ಬಂದ ಗಂಡ ನೋಡಿ, "ಒಂಚೂರು ಮೇಣ ತುಂಬಿ ಪಾಲಿಶ್ ಹಚ್ಚಿದ್ರೆ ದೇವರಿಗೂ ಗೊತ್ತಾಗಲ್ಲ" ಎಂದ. ಹರಿದ ಬಟ್ಟೆಗೆ ಗೊತ್ತಾಗದಂತೆ ತೇಪೆ ಹಾಕುವುದರಲ್ಲೇ ಜೀವನ ಕಳೆದವನು. ಅವನಿಗೆ ಅನ್ನಿಸಿದ್ದು ಅದು. "ದೇವರಿಗೆ ಗೊತ್ತಾಗದೆ ಇರಬಹುದು. ಆ ಅಜ್ಜ ಬಡಗಿ ರೀ" ಎಂದಳು ಅವಳು. ಯಂತ್ರವನ್ನು ಆರಿಸಿ, ಊಟ ಮುಟ್ಟದೆ, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಳು. ಮಧ್ಯಾಹ್ನ ಕೂತವಳು ಅಜ್ಜ ಬರುವವರೆಗೂ ಏಳಲಿಲ್ಲ.

ಅಜ್ಜ ಬಂದ, ಗೇಟು ನೋಡಿದ, ಅವಳನ್ನು ನೋಡಿದ. "ಏನಾಯ್ತಿದು?"

"ನಾನೇ ಮಾಡಿದ್ದು ಅಜ್ಜಾ. ಹತ್ತಿರ ಹಿಡಿದುಬಿಟ್ಟೆ."

"ಎಷ್ಟೊತ್ತಿಂದ ಕೂತಿದೀಯ?"

"ಮಧ್ಯಾಹ್ನದಿಂದ. ನೀವಾಗಿ ನೋಡೋಕೆ ಮುಂಚೆ ನಾನೇ ಹೇಳಬೇಕಿತ್ತು."

ಅಜ್ಜ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಗೀರಿನ ಮೇಲೆ ತೋರುಬೆರಳನ್ನು ಈ ತುದಿಯಿಂದ ಆ ತುದಿಗೆ ಓಡಿಸಿದ. "ಲಾರಿ ತೊಳೆದ ಕೈ ಅಲ್ವಾ ನಿಂದು? ಕಬ್ಬಿಣ ಏಟು ತಡ್ಕೊಳ್ಳುತ್ತೆ. ಮರ ನೀರು ಕುಡಿಯುತ್ತೆ, ಕುಡಿದು ಮೆತ್ತಗಾಗುತ್ತೆ. ನೋಡು, ಯಾವುದಕ್ಕೇ ಆಗಲಿ, ಮೊದಲು ಒಂದು ಗೇಣು. ಯಾರಿಗೂ ಕಾಣದ ಮೂಲೇಲಿ ಒಂದೇ ಒಂದು ಗೇಣು ತೊಳಿ. ಒಣಗೋಕೆ ಬಿಡು. ಒಣಗಿದ ಮೇಲೆ ನೋಡು. ಒದ್ದೆ ಇದ್ದಾಗ ಎಲ್ಲಾ ಚೆನ್ನಾಗೇ ಕಾಣ್ಸುತ್ತೆ."

ಮೇಣ ತುಂಬಿಸಿ ಕೊಡುತ್ತೇನೆಂದು ಅವಳು ಕೇಳಿಕೊಂಡಳು. "ಬೇಡ. ಮುಚ್ಚಿದ್ರೆ ನೀನೂ ಮರೀತೀಯ, ನಾನೂ ಮರೀತೀನಿ" ಎಂದ ಅಜ್ಜ. ಆಮೇಲೆ ಬಾಗಿಲ ಬೀಗ ತೆಗೆಯುತ್ತ, ತಿರುಗಿ ನೋಡದೆಯೇ, "ಉಳಿದ ಅರ್ಧ ಯಾರು ತೊಳೀತಾರೆ? ನಾಳೆ ಬಾ" ಎಂದ. ಫೋರ್ಸಕ್ಕ ಯಂತ್ರ ತಳ್ಳಿಕೊಂಡು ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತಳು. ಗೀರು ಬಿದ್ದದ್ದಕ್ಕಲ್ಲ, ನಾಳೆ ಬಾ ಎಂದದ್ದಕ್ಕೆ.

ಮರುದಿನ ಬೆಳಗ್ಗೆ ಏಳುವಷ್ಟರಲ್ಲಿ ದರ್ಜಿ ಅವಳಿಗೊಂದು ಏಪ್ರನ್ನು ಹೊಲಿದು ಮುಗಿಸಿದ್ದ. ಹಳೆಯ ಕೊಡೆಗಳ ಬಟ್ಟೆ, ನೀರು ನಿಲ್ಲುವುದಿಲ್ಲ. ಸೊಂಟದ ಹತ್ತಿರ ಸಾಲಾಗಿ ಐದು ಪುಟ್ಟ ಜೇಬುಗಳು, ಒಂದೊಂದು ನಾಜಲ್ಲಿಗೆ ಒಂದೊಂದು, ಆಯಾ ಬಣ್ಣದ್ದೇ ಅಂಚು ಕಟ್ಟಿ. ಕೆಂಪು ಜೇಬಿಗೆ ಮಾತ್ರ ಮುಚ್ಚಳವಿತ್ತು, ಮುಚ್ಚಳಕ್ಕೆ ಬಿಗಿಯಾದ ದೊಡ್ಡ ಗುಂಡಿ. "ಒದ್ದೆ ಕೈಯಲ್ಲಿ ಈ ಗುಂಡಿ ಬಿಚ್ಚೋಕೆ ಒಂದು ನಿಮಿಷ ಬೇಕು. ಆ ಒಂದು ನಿಮಿಷದಲ್ಲಿ ನಿಂಗೆ ಬುದ್ಧಿ ಬರುತ್ತೆ" ಎಂದ. ಹೆಂಡತಿಯ ಅಳತೆಯನ್ನು ಇಷ್ಟು ಚೆನ್ನಾಗಿ ತೆಗೆದುಕೊಂಡ ದರ್ಜಿ ಇನ್ನೊಬ್ಬನಿರಲಾರ.

ಅಲ್ಲಿಂದ ಹದಿನೈದು ವರ್ಷ. ಏಪ್ರನ್ನು ಮೂರು ಸಲ ಹೊಸದಾಯಿತು, ಗುಂಡಿ ಮಾತ್ರ ಅದೇ. ಫೋರ್ಸಕ್ಕ ಯಾರ ಮನೆಗೆ ಹೋದರೂ ಮೊದಲು ಕಿಟಕಿಗಳನ್ನು ಮುಚ್ಚಿಸುತ್ತಾಳೆ, ಹೊರಗಿನ ಸ್ವಿಚ್ಚುಗಳಿಗೆ ಪ್ಲಾಸ್ಟಿಕ್ ಕಟ್ಟುತ್ತಾಳೆ, ಆಮೇಲೆ ಹೂಕುಂಡದ ಹಿಂದೆಯೋ ಮೀಟರ್ ಪೆಟ್ಟಿಗೆಯ ಕೆಳಗೋ ಒಂದು ಗೇಣು ಅಳೆದು ತೊಳೆದು, ಕೈಕಟ್ಟಿ ಕೂತುಬಿಡುತ್ತಾಳೆ. ಮನೆಯವರಿಗೆ ಚಡಪಡಿಕೆ ಶುರುವಾಗುತ್ತದೆ. "ಏನಮ್ಮಾ, ಕೂತುಬಿಟ್ರಲ್ಲ?" ಎಂದು ಕೇಳುತ್ತಾರೆ. "ಒಣಗ್ಲಿ, ನೋಡೋಣ" ಎನ್ನುತ್ತಾಳೆ. ಎಷ್ಟು ಸಲ ಕೇಳಿದರೂ ಅದೇ ಉತ್ತರ. ಸೋಮಾರಿ ಎಂದು ಬೆನ್ನ ಹಿಂದೆ ಆಡಿಕೊಂಡವರೂ ಉಂಟು. ಅವಳು ತಲೆ ಕೆಡಿಸಿಕೊಂಡವಳಲ್ಲ. ಗೇಣು ಒಣಗಿದ ಮೇಲೆ ಬೆರಳಿನಿಂದ ಸವರುತ್ತಾಳೆ. ಬೆರಳಿಗೆ ಪುಡಿ ಹತ್ತಿದರೆ ಆ ಗೋಡೆಗೆ ಯಂತ್ರ ಮುಟ್ಟಿಸುವುದಿಲ್ಲ, ಬ್ರಷ್ಷು ಬಕೆಟ್ಟು ಹಿಡಿದು ಮಂಡಿಯೂರುತ್ತಾಳೆ. ಹತ್ತದಿದ್ದರೆ ಎದ್ದು ನಿಂತು ಕುದುರೆ ಒತ್ತುತ್ತಾಳೆ. ಆಮೇಲೆ ಅವಳನ್ನು ನೋಡಬೇಕು! ಮೇಲಿನಿಂದ ಕೆಳಕ್ಕೆ, ಒಂದೇ ದೂರದಲ್ಲಿ, ಒಂದೇ ವೇಗದಲ್ಲಿ, ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಅರ್ಧ ಹತ್ತುವಂತೆ ನೀರು ಬೀಸುತ್ತ ಹೋದರೆ ಕಪ್ಪು ಅಂಗಳ ಅವಳ ಹಿಂದೆ ಬೆಳ್ಳಗಾಗುತ್ತ ಬರುತ್ತದೆ. ಮುಗಿದ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು, ಸ್ವಂತ ಮಗುವಿಗೆ ಸ್ನಾನ ಮಾಡಿಸಿದವಳಂತೆ ನೋಡುತ್ತಾಳೆ.

ಈ ವರ್ಷದ ಮಳೆಗಾಲ ಮುಗಿದಾಗ ಬಡಾವಣೆಯ ನಲವತ್ತೆರಡು ಮನೆಗಳ ಅಂಗಳಗಳೂ ಪಾಚಿ ಕಟ್ಟಿ ಜಾರತೊಡಗಿದ್ದವು. ಅವರವರು ಒಬ್ಬೊಬ್ಬರನ್ನು ಕರೆಸಿಕೊಳ್ಳುವ ಬದಲು, ಇಡೀ ಬಡಾವಣೆಗೆ ಒಬ್ಬರನ್ನೇ ಗೊತ್ತುಮಾಡಿ, ಪ್ರತಿ ವರ್ಷ ಅವರಿಂದಲೇ ತೊಳೆಸುವುದೆಂದು ಸಮಿತಿ ತೀರ್ಮಾನಿಸಿತು. ಅವರ ನಂಬರನ್ನು ಬೋರ್ಡಿನ ಮೇಲೆ ಬರೆಸುವುದೆಂದೂ ಆಯಿತು. ಸುದ್ದಿ ಕೇಳಿದ ದಿನ ಫೋರ್ಸಕ್ಕ ಎರಡು ಸಲ ಸಾರಿಗೆ ಉಪ್ಪು ಹಾಕಿದಳು. ದರ್ಜಿ ತುಟಿಪಿಟಿಕ್ಕೆನ್ನದೆ ಉಂಡ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಕಚೇರಿಗೆ ಬರಹೇಳಿದ್ದರು. ಬಂದವರು ಇಬ್ಬರೇ. ಒಬ್ಬಳು ಫೋರ್ಸಕ್ಕ, ಇಸ್ತ್ರಿ ಮಾಡಿದ ಏಪ್ರನ್ನು ತೊಟ್ಟು, ಪಕ್ಕದಲ್ಲಿ ಗಂಡನನ್ನು ಕೂರಿಸಿಕೊಂಡಿದ್ದಳು. ಇನ್ನೊಬ್ಬ ಪೇಟೆಯ ಕಂಟ್ರಾಕ್ಟರು. ಕೂಲಿಂಗ್ ಗ್ಲಾಸನ್ನು ಕಣ್ಣಿಗೆ ಹಾಕದೆ ತಲೆಯ ಮೇಲೆ ಏರಿಸಿಕೊಂಡಿದ್ದ, ದೊಡ್ಡ ಯಂತ್ರವನ್ನು ಪಿಕಪ್ ಗಾಡಿಯಲ್ಲಿ ತಂದು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ್ದ. ಫೋನಿನಲ್ಲಿ ಫೋಟೊಗಳನ್ನು ಸರಸರ ಸರಿಸುತ್ತ ತೋರಿಸಿದ. ತೊಳೆಯುವ ಮುಂಚೆ ಕಪ್ಪು, ತೊಳೆದ ಮೇಲೆ ಬಿಳುಪು, ಅರಮನೆಯಂಥ ಮನೆಗಳು. ಸಮಿತಿಯ ಕಾರ್ಯದರ್ಶಿ ಬಾಯಿ ಬಿಟ್ಟುಕೊಂಡು ನೋಡಿದರು. "ನಲವತ್ತೆರಡು ಮನೆ ತಾನೇ? ಮೂರು ದಿನದ ಕೆಲಸ ಸಾರ್" ಎಂದ ಅವನು. ಫೋರ್ಸಕ್ಕನ ಬಳಿ ಫೋಟೊ ಒಂದೂ ಇರಲಿಲ್ಲ. ಒದ್ದೆ ಕೈಯಲ್ಲಿ ಫೋನು ಹಿಡಿಯುವ ಅಭ್ಯಾಸ ಅವಳಿಗಿಲ್ಲ.

ಸಮಿತಿಯ ಅಧ್ಯಕ್ಷೆ ಹೆಡ್‌ಮಿಸ್. ಶಾಲೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಬಡಾವಣೆಗೆ ಅವರು ಇನ್ನೂ ಹೆಡ್‌ಮಿಸ್ಸೇ. ಎದುರಿಗೆ ಬಂದರೆ ದೊಡ್ಡ ದೊಡ್ಡವರೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಹೋದ ವರ್ಷ ಯಾರೋ ಒಬ್ಬ ಬಂದು ಅವರ ಅಂಗಳದ ಕಲ್ಲುಗಳ ಸಂದಿಯ ಮರಳನ್ನೆಲ್ಲ ಹಾರಿಸಿ, ಕಿಟಕಿಯಿಂದ ಒಳಗಿದ್ದ ಪುಸ್ತಕಗಳಿಗೆ ನೀರು ಹೊಡೆದು, ಆಮೇಲೆ ನಾನಲ್ಲವೇ ಅಲ್ಲ ಎಂದು ವಾದಿಸಿ ಹೋಗಿದ್ದ. ಆ ಉರಿ ಅವರಿಗೆ ಇನ್ನೂ ಆರಿರಲಿಲ್ಲ. ಫೋಟೊಗಳನ್ನು ಪಕ್ಕಕ್ಕೆ ಸರಿಸಿ ಅವರು ಒಂದೇ ಪ್ರಶ್ನೆ ಕೇಳಿದರು.

"ಚೆನ್ನಾಗಿ ಮಾಡಿದ್ದನ್ನ ಎಲ್ಲರೂ ತೋರಿಸ್ತಾರೆ. ನಿಮ್ಮ ಕೈಯಿಂದ ಕೆಟ್ಟಿರೋದು ಏನಾದ್ರೂ ಇದೆಯಾ?"

ಕಂಟ್ರಾಕ್ಟರು ನಕ್ಕ. "ಚಾನ್ಸೇ ಇಲ್ಲ ಮೇಡಂ. ಇವತ್ತಿನವರೆಗೂ ಒಂದೇ ಒಂದು ಕಂಪ್ಲೇಂಟ್ ಬಂದಿಲ್ಲ."

ಹೆಡ್‌ಮಿಸ್ ಫೋರ್ಸಕ್ಕನ ಕಡೆ ತಿರುಗಿದರು. ದರ್ಜಿ ಮೇಜಿನ ಕೆಳಗೆ ಹೆಂಡತಿಯ ಕಾಲು ತುಳಿದ. ರಬ್ಬರ್ ಬೂಟು, ಅವಳಿಗೆ ತಿಳಿಯಲಿಲ್ಲ, ಅಥವಾ ತಿಳಿದೂ ತಿಳಿಯದವಳಂತಿದ್ದಳು. "ಇದೆ ಮೇಡಂ" ಎಂದಳು. "ಮೂರನೇ ಬೀದೀಲಿ ಬಡಗಿ ಅಜ್ಜನ ಗೇಟು. ಮರ ಕಿತ್ತು ಬಂದಿದೆ. ನಾನೇ ಮಾಡಿದ್ದು. ಬನ್ನಿ, ತೋರಿಸ್ತೀನಿ."

ಹೆಡ್‌ಮಿಸ್ ಎದ್ದು ಚಪ್ಪಲಿ ಮೆಟ್ಟಿದರು.

ಹೊರಟಿತು ಮೆರವಣಿಗೆ. ಮುಂದೆ ಫೋರ್ಸಕ್ಕ, ಅವಳ ಹಿಂದೆ ಹೆಡ್‌ಮಿಸ್, ಕಾರ್ಯದರ್ಶಿ, ಸಮಿತಿಯ ಇನ್ನಿಬ್ಬರು, ತಮಾಷೆ ನೋಡಲು ಕಂಟ್ರಾಕ್ಟರು. ದರ್ಜಿ ಓಡೋಡಿ ಬಂದು ಹೆಂಡತಿಯ ಪಕ್ಕ ಸೇರಿದ. "ಏನೇ ಇದು? ಬೇರೆಯವರು ತಪ್ಪು ಮಾಡಿ ಮುಚ್ಚಿಡ್ತಾರೆ, ನೀನು ಜನ ಸೇರಿಸಿ ತೋರಿಸೋಕೆ ಹೊರಟಿದ್ದೀಯಲ್ಲ!" ಎಂದು ಪಿಸುಗುಟ್ಟಿದ. "ಕೇಳಿದ್ರಲ್ಲ ರೀ, ಹೇಳಿದೆ" ಎಂದಳು. ಅವಳಿಗೂ ಭಯವಿರಲಿಲ್ಲವೆಂದಲ್ಲ. ಹದಿನೈದು ವರ್ಷ ಕಾದ ಬೋರ್ಡು ಈಗ ಕೈತಪ್ಪಿ ಹೋಗಬಹುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಗೀರನ್ನು ಇಲ್ಲವೆಂದು ಹೇಳಿ ಬೋರ್ಡಿನ ಮೇಲೆ ಹತ್ತಿದರೆ, ಆಮೇಲೆ ಪ್ರತಿದಿನ ತಲೆಯೆತ್ತಿ ಅದನ್ನು ಓದುವುದು ಹೇಗೆ?

ಮೂರನೇ ಬೀದಿಯ ತಿರುವಿನಲ್ಲಿ ಅವಳು ಗಕ್ಕನೆ ನಿಂತಳು. ಅಜ್ಜನ ಮನೆಯ ಮುಂದೆ ಕಬ್ಬಿಣದ ಗೇಟಿತ್ತು. ಹೊಚ್ಚ ಹೊಸದು, ಹಸಿರು ಬಣ್ಣ ಥಳಥಳ ಹೊಳೆಯುತ್ತಿತ್ತು. ಗೀರು ಹಾಗಿರಲಿ, ಒಂದು ಉಗುರಿನ ಗುರುತೂ ಇಲ್ಲ.

ಫೋರ್ಸಕ್ಕನ ಮುಖ ಸಪ್ಪಗಾಯಿತು. ಮಾಡಿದ ತಪ್ಪನ್ನು ತೋರಿಸಲು ಊರು ಕಟ್ಟಿಕೊಂಡು ಬಂದರೆ ತಪ್ಪೇ ಕಾಣೆಯಾಗಿದೆ! ಹೋದ ವರ್ಷ ತೊಳೆಯಲು ಬಂದಾಗ ಮರದ ಗೇಟು ಇಲ್ಲೇ ಇತ್ತು, ಬಿಳಿ ನಾಜಲ್ಲು ಹಿಡಿದು ಆ ಗೀರಿನ ಮೇಲೆ ಮೆಲ್ಲಗೆ ನೀರು ಬಿಟ್ಟದ್ದು ಅವಳ ಕೈಗೇ ನೆನಪಿತ್ತು. "ಇಲ್ಲೇ ಇತ್ತು ಮೇಡಂ" ಎಂದಳು. ಕಂಟ್ರಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನದು ಕಂಪ್ಲೇಂಟಿಲ್ಲ, ಇವರದು ಕಂಪ್ಲೇಂಟಿದ್ದರೂ ಪ್ರೂಫಿಲ್ಲ!" ಕಾರ್ಯದರ್ಶಿಯೂ ಅಂಗೈ ಅಡ್ಡ ಹಿಡಿದು ನಕ್ಕರು. ಒಳ್ಳೆಯವಳೆನಿಸಿಕೊಳ್ಳಲು ಇವಳು ಕಟ್ಟಿದ ಕಥೆಯೇ ಇದು ಎಂದು ಅವರ ಮುಖವೇ ಹೇಳುತ್ತಿತ್ತು. ಸುಳ್ಳುಗಾರ್ತಿ ಎನಿಸಿಕೊಂಡೆನಲ್ಲಾ ಎಂದು ಅವಳ ಕಣ್ಣು ತುಂಬಿ ಬಂತು. ಕೆಲಸ ಕೆಡಿಸಿದವಳು ಎನಿಸಿಕೊಳ್ಳಲು ತಯಾರಾಗಿ ಬಂದವಳಿಗೆ ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಗಲಾಟೆ ಕೇಳಿ ಅಜ್ಜನ ಸೊಸೆ ಹೊರಗೆ ಬಂದಳು. ಅವಳ ಹಿಂದೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ಅಜ್ಜ. ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. "ಹಳೇ ಗೇಟು ಬುಡದಲ್ಲಿ ಲಡ್ಡಾಗಿತ್ತು, ತೆಗೆಸಿಬಿಟ್ವಿ" ಎಂದಳು ಸೊಸೆ. "ಯಾಕಕ್ಕಾ, ಏನಾಯ್ತು?"

"ಯಾರು, ಫೋರ್ಸಾ?" ಎಂದ ಅಜ್ಜ. "ಯಾಕೆ ದನಿ ಹಾಗಾಗಿದೆ?"

ಫೋರ್ಸಕ್ಕ ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದಳು. ಅಜ್ಜ ಕೇಳಿಸಿಕೊಂಡು, "ಸ್ವಲ್ಪ ತಾಳಿ" ಎಂದು ಒಳಗೆ ಹೋದ. ಮನೆಯ ಪಕ್ಕದ ತಗಡಿನ ಕೋಣೆಯಲ್ಲಿ ಏನನ್ನೋ ತಡಕಾಡುವ ಸದ್ದು ಕೇಳಿಸಿತು. ಉಳಿ, ಸುತ್ತಿಗೆಗಳು ಒಂದಕ್ಕೊಂದು ತಾಗಿದವು. ಅಜ್ಜ ಹೊರಗೆ ಬಂದಾಗ ಅವನ ಕೈಯಲ್ಲಿ ಒಂದು ಮೊಳ ಉದ್ದದ ತೇಗದ ಹಲಗೆಯಿತ್ತು. ನಾಲ್ಕೂ ಅಂಚನ್ನು ನಯವಾಗಿ ಹತ್ತರಿ ಹೊಡೆದಿದ್ದ, ಮೇಲ್ಗಡೆ ನೇತುಹಾಕಲು ತೂತು ಕೊರೆದಿದ್ದ. ನಟ್ಟನಡುವೆ, ಹಾವು ಹರಿದಂತೆ, ಆ ಗೀರು.

"ಗೇಟನ್ನ ಗುಜರಿಯವನು ತಗೊಂಡ. ಇದನ್ನ ಕೊಡಲಿಲ್ಲ ನಾನು, ಕೊಯ್ದು ಇಟ್ಕೊಂಡೆ" ಎಂದ ಅಜ್ಜ. ಹಲಗೆಯನ್ನು ಹೆಡ್‌ಮಿಸ್ಸಿನ ಕಡೆಗೆ ಚಾಚಿದ. "ನನ್ನ ಹತ್ರ ಎಷ್ಟೋ ಜನ ಕೆಲಸ ಕಲಿತ್ರು ತಾಯಿ. ಕೆಡಿಸದೆ ಇದ್ದವರು ಒಬ್ಬರೂ ಇಲ್ಲ. ಕೆಡಿಸಿ, ಓಡಿಹೋಗದೆ, ಊಟ ಬಿಟ್ಟು ನಾನು ಬರೋವರೆಗೂ ಕಾದು ಕೂತವಳು ಇವಳೊಬ್ಬಳೇ. ಇವಳು ನನ್ನ ಹತ್ರ ಕೆಲಸ ಕಲಿತವಳಲ್ಲ, ಆದ್ರೂ ನನ್ನ ಶಿಷ್ಯೆ ಅಂತ ಹೇಳ್ಕೊಳ್ಳೋಕೆ ನಂಗೆ ಹೆಮ್ಮೆ."

ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡು ಗೀರಿನ ಮೇಲೆ ಬೆರಳು ಓಡಿಸಿದರು, ಥೇಟ್ ಅಜ್ಜ ಅಂದು ಓಡಿಸಿದಂತೆ. "ಇದಾದ ಮೇಲೆ ಏನು ಮಾಡಿದ್ರಿ?" ಎಂದು ಕೇಳಿದರು. ಫೋರ್ಸಕ್ಕ ಏಪ್ರನ್ನಿನ ಕೆಂಪು ಜೇಬು ತೋರಿಸಿದಳು. ಹೆಡ್‌ಮಿಸ್ ಆ ಗುಂಡಿಯನ್ನು ತಾವೇ ಬಿಚ್ಚಲು ನೋಡಿದರು. ಒಣ ಕೈಯಲ್ಲಿಯೇ ಮೂರು ಸಲ ಜಾರಿತು. ಹೊಲಿದವರು ಯಾರೆಂದು ಕೇಳಿದಾಗ ದರ್ಜಿ ಮೊದಲ ಸಲ ಎದೆಯುಬ್ಬಿಸಿ ಮುಂದೆ ಬಂದ.

"ನಾಳೆ ಬೆಳಗ್ಗೆ ಬನ್ನಿ" ಎಂದರು ಹೆಡ್‌ಮಿಸ್ ಫೋರ್ಸಕ್ಕನಿಗೆ. "ನಮ್ಮನೆ ಮೆಟ್ಟಿಲಿಂದಲೇ ಶುರುಮಾಡಿ."

"ಮೂರು ದಿನದಲ್ಲಿ ಆಗಲ್ಲ ಮೇಡಂ. ಒಂದು ತಿಂಗಳಾಗುತ್ತೆ. ನಾನು ಗೇಣು ಒಣಗೋವರೆಗೂ ಕೂರ್ತೀನಿ."

"ಕೂತ್ಕೊಳ್ಳಿ. ಕುರ್ಚಿ ಹಾಕಿಸ್ತೀನಿ."

ಕಂಟ್ರಾಕ್ಟರು ಕೂಲಿಂಗ್ ಗ್ಲಾಸನ್ನು ತಲೆಯಿಂದ ಕಣ್ಣಿಗೆ ಇಳಿಸಿಕೊಂಡು ಹೊರಟುಹೋದ. ಪಾಪ, ಅವನ ಯಂತ್ರವೇನೂ ಕೆಟ್ಟದ್ದಿರಲಿಲ್ಲ. ಕಚೇರಿಗೆ ಮರಳಿದ ಹೆಡ್‌ಮಿಸ್ ರಿಜಿಸ್ಟರಿನ ಕೊನೆಯ ಹಾಳೆ ತೆಗೆಸಿ, ಫೋರ್ಸಕ್ಕನ ನಂಬರಿನ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು. "ಬೋರ್ಡ್ ಮೇಲೆ ಏನಂತ ಬರೆಸೋಣ?" ಎಂದು ಕೇಳಿದರು. ಕಾರ್ಯದರ್ಶಿ ಇಂಗ್ಲಿಷಿನಲ್ಲಿ ಉದ್ದದ್ದೇನೋ ಸೂಚಿಸಿದರು. ಫೋರ್ಸಕ್ಕ ಬೇಡವೆಂದು ತಲೆಯಾಡಿಸಿದಳು. "ಅಂಗಳ, ಗೋಡೆ, ಮೆಟ್ಟಿಲು ತೊಳೆಯುವವರು ಅಂತ ಬರೆಸಿ. ಮಾಡೋದು ಅದನ್ನೇ ತಾನೇ."

ಆದರೆ ಕೊಳೆಯ ಮೇಲೆ ಬಣ್ಣ ನಿಲ್ಲುವುದಿಲ್ಲವೆಂದು ಪೇಂಟರು ತಕರಾರು ತೆಗೆದ. ಹಾಗಾಗಿ ಬೋರ್ಡನ್ನು ತೊಳೆಯುವ ಕೆಲಸವೂ ಅವಳಿಗೇ ಬಂತು. ಹದಿನೈದು ವರ್ಷ ತನ್ನನ್ನು ಹೊರಗಿಟ್ಟಿದ್ದ ಬೋರ್ಡಿನ ಕೆಳಮೂಲೆಯಲ್ಲಿ ಅವಳು ಒಂದು ಗೇಣು ತೊಳೆದು, ಒಣಗಲು ಬಿಟ್ಟು, ಬಣ್ಣ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ, ಬಿಳಿ ನಾಜಲ್ಲು ಹಾಕಿ ದೂರದಿಂದ ಮೆಲ್ಲಗೆ ನೀರು ಬೀಸಿದಳು. ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರೂ ಫಳಫಳ ಹೊಳೆದರು. ಆ ಬೋರ್ಡು ಅಷ್ಟು ಚಂದದ ನೀಲಿಯೆಂದು ಬಡಾವಣೆಯವರಿಗೆ ಗೊತ್ತಾದದ್ದು ಅಂದೇ.

ಮರುದಿನ ಪೇಂಟರು ಏಣಿ ಹಾಕಿ, ತನ್ನ ನಂಬರಿನ ಕೆಳಗಡೆಯೇ, ಹೊಸ ಸಾಲನ್ನು ಬರೆದ. ಅದಕ್ಕಾಗಿ ಬಡಗಿಯ ಸಾಲನ್ನೂ ಗ್ಯಾಸ್ ಒಲೆಯ ಸಾಲನ್ನೂ ಅಳಿಸಿ ಒಂದೊಂದು ಮೆಟ್ಟಿಲು ಕೆಳಗಿಳಿಸಿ ಬರೆಯಬೇಕಾಯಿತಂತೆ. ಅದನ್ನು ಕೇಳಿ ಬಡಗಿ ಅಜ್ಜನಿಗೆ ಎಲ್ಲಿಲ್ಲದ ಸಂತೋಷ. ಹೆಡ್‌ಮಿಸ್ ಬಂದು ಒಂದೊಂದು ಅಕ್ಷರವನ್ನೂ ಪರೀಕ್ಷಿಸಿ ಹೋದರು. ಫೋರ್ಸಕ್ಕ ಮಾತ್ರ ಬೋರ್ಡಿಗೆ ಬೆನ್ನು ಹಾಕಿ, ಗೇಟಿನ ಕಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದಳು. ಎದುರಿಗೆ ಅವಳ ಯಂತ್ರ. ಅದರ ಹಿಡಿಕೆಗೆ ದಾರ ಪೋಣಿಸಿ ಕಟ್ಟಿದ, ಅಜ್ಜ ಕೊಟ್ಟ ತೇಗದ ಹಲಗೆ ನೇತಾಡುತ್ತಿತ್ತು, ಗೀರು ಎಲ್ಲರಿಗೂ ಕಾಣುವಂತೆ ಹೊರಮುಖವಾಗಿ.

"ತಿರುಗಿ ನೋಡೇ, ಎಷ್ಟು ಚೆನ್ನಾಗಿ ಬಂದಿದೆ!" ಎಂದ ದರ್ಜಿ.

"ಒಣಗ್ಲಿ ರೀ. ಆಮೇಲೆ ನೋಡ್ತೀನಿ."

ದರ್ಜಿ ಅವಳ ಪಕ್ಕ ಕೂತ. ಅಂಗಡಿಯಲ್ಲಿ ಹೊಲಿಯಬೇಕಾದ ಬಟ್ಟೆ ಬೇಕಾದಷ್ಟಿತ್ತು, ಆದರೂ ಕೂತ. ಬಿಸಿಲು ಏರಿತು. ಪೇಂಟರು ಏಣಿ ಹೊತ್ತುಕೊಂಡು ಹೋದ. ಎರಡು ಗಂಟೆ ಕಳೆದ ಮೇಲೆ ಫೋರ್ಸಕ್ಕ ಎದ್ದಳು, ಬೋರ್ಡಿನ ಹತ್ತಿರ ಹೋಗಿ ಹೊಸ ಅಕ್ಷರದ ಅಂಚಿಗೆ ಬೆರಳಿನಿಂದ ಮುಟ್ಟಿ ನೋಡಿದಳು. ಬೆರಳಿಗೆ ಏನೂ ಹತ್ತಲಿಲ್ಲ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಎಂದಿನಂತೆ ತಲೆಯೆತ್ತಿ, ಮೇಲಿನಿಂದ ಶುರುಮಾಡಿ ಓದುತ್ತ ಬಂದಳು. ತನ್ನ ಸಾಲಿಗೆ ಬಂದಾಗ ನಂಬರನ್ನೂ ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿದಳು. ಅವಳಿಗೆ ಹೆಮ್ಮೆಯಾಯಿತು. ಕಣ್ಣಲ್ಲಿ ನೀರು ಬಂತು, ಏಪ್ರನ್ನಿನ ತುದಿಯಿಂದ ಒರೆಸಿಕೊಂಡಳು. ಕೊಡೆಯ ಬಟ್ಟೆಯಾದ್ದರಿಂದ ಅದು ಒಂದು ಹನಿಯನ್ನೂ ಹೀರಲಿಲ್ಲ.

"ನಡೀರಿ, ಹೊತ್ತಾಯ್ತು" ಎಂದು ಹೇಳಿ, ಹಿಡಿಕೆ ಹಿಡಿದು, ಅಂದಿನ ಸರದಿಯ ಏಳನೇ ನಂಬರಿನ ಮನೆಯ ಕಡೆಗೆ ಯಂತ್ರ ತಳ್ಳಿಕೊಂಡು ಹೊರಟಳು.